ಮಧುಮೇಹದ ನರನೋವು ಮತ್ತು ಬಿ-ಜೀವಸತ್ವ: ಒಂದು ಪ್ರತಿಕ್ರಿಯೆ

ಬಿ-ಜೀವಸತ್ವಗಳ ಮಾತ್ರೆ ಅಗ್ಗವೂ ನಿರಪಾಯವೂ ಆಗಿರುವುದರಿಂದ ಮಧುಮೇಹದ ನರನೋವಿರುವವರೆಲ್ಲರೂ ಅದನ್ನು ಸೇವಿಸಬೇಕೆಂಬ ಪ್ರಕಟಿತ ವಾದದಲ್ಲಿ ಅರ್ಧ ಸತ್ಯವಷ್ಟೇ ಇದೆ. ಮೆಟ್‌ಫಾರ್ಮಿನ್ ಔಷಧ ದೀರ್ಘಕಾಲದ ಬಳಕೆಯಲ್ಲಿ ಬಿ12 ಹೀರಿಕೆಯನ್ನು ಕುಗ್ಗಿಸುತ್ತದೆ, ಸಸ್ಯಾಹಾರಿಗಳಲ್ಲಿ ಈ ಕೊರತೆ ಮೊದಲೇ ಇರುವುದುಂಟು, ಕೊರತೆಯೇ ಪಾದಗಳಿಗೆ ಜೋಮನ್ನೂ ಉರಿಯನ್ನೂ ತರಬಲ್ಲದು. ಆದರೆ ಇದರಿಂದ ಸಿದ್ಧವಾಗುವುದು ರಕ್ತಪರೀಕ್ಷೆಯ ಅಗತ್ಯವೇ ಹೊರತು ಸರ್ವರಿಗೂ ಮಾತ್ರೆಯಲ್ಲ. ನಿರಪಾಯವೆಂಬ ಮಾತಂತೂ ಸಲ್ಲದು: ಇಂತಹ ಅನೇಕ ಮಾತ್ರೆಗಳಲ್ಲಿ ಬೆರೆತಿರುವ ಬಿ6, ಅಂದರೆ ಪಿರಿಡಾಕ್ಸಿನ್, ಅತಿಯಾದ ಪ್ರಮಾಣದಲ್ಲಿ ಬಹುಕಾಲ ದೇಹ ಸೇರಿದರೆ ಸ್ಪರ್ಶವನ್ನು ಅರಿಯುವ ಸಂವೇದನಾ ನರಗಳನ್ನೇ ಕೆಡಿಸಿ, ಯಾವ ಜೋಮನ್ನು ನೀಗಿಸಬೇಕಿತ್ತೋ ಅದನ್ನೇ ಹೆಚ್ಚಿಸಬಲ್ಲದು. ರಕ್ತದ ಸಕ್ಕರೆಯನ್ನು ಏರಿಸುವ ಆಹಾರದ ವಿಚಾರವನ್ನು ಆ ವಾದ ಮುಟ್ಟುವುದೇ ಇಲ್ಲ. 1993ರಲ್ಲಿ ಪ್ರಕಟವಾದ ಡಿಸಿಸಿಟಿ (ಮಧುಮೇಹ ನಿಯಂತ್ರಣ ಮತ್ತು ತೊಡಕುಗಳ ಪ್ರಯೋಗ) ಎಂಬ ಅಧ್ಯಯನದಲ್ಲಿ, ಒಂದನೇ ಬಗೆಯ ಮಧುಮೇಹಿಗಳ ನರಹಾನಿ ಬಿಗಿಯಾದ ಸಕ್ಕರೆ ನಿಯಂತ್ರಣದಿಂದ ಸುಮಾರು ಶೇ. 60ರಷ್ಟು ತಗ್ಗಿತ್ತು; ಎರಡನೇ ಬಗೆಯಲ್ಲಿ ಲಾಭ ಇದಕ್ಕಿಂತ ಕಡಿಮೆಯಾದರೂ, ತಟ್ಟೆಯ ಅನ್ನದ ಪ್ರಮಾಣವನ್ನು ಬಿಟ್ಟು ಮಾತ್ರೆಯನ್ನಷ್ಟೇ ಬೋಧಿಸುವುದು ರೋಗಿಗೆ ಮಾಡುವ ಅನ್ಯಾಯ.