ರಕ್ತ ಕೊಟ್ಟವರ ಋಣ

ಹಂಟಿಂಗ್ಟನ್ ಕಾಯಿಲೆಯ ವಂಶವಾಹಿ ಸಿಕ್ಕಿದ್ದು 1993ರಲ್ಲಿ. ಮೂರು ದಶಕ ದಾಟಿದ ಮೇಲೆ ಆ ಶೋಧವನ್ನು ತಿರುಗಿ ನೋಡಿದರೆ ಎದುರು ನಿಲ್ಲುವವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ನ್ಯಾನ್ಸಿ ವೆಕ್ಸ್ಲರ್. ಓದಿದ್ದು ಮನಶ್ಶಾಸ್ತ್ರ. 1968ರಲ್ಲಿ ತಾಯಿಗೆ ಈ ಕಾಯಿಲೆಯೆಂದು ಗೊತ್ತಾದಾಗ ಅವರಿಗಿನ್ನೂ 23ರ ಆಸುಪಾಸು. ಕಾಯಿಲೆ ಬಂದವರಿಗೆ ನಡುವಯಸ್ಸಿನಲ್ಲಿ ಕೈಕಾಲು ಹಿಡಿತ ತಪ್ಪಿ ಆಡತೊಡಗುತ್ತವೆ, ಬುದ್ಧಿ ಮಸುಕಾಗುತ್ತದೆ, ಕೊನೆಗೆ ಜೀವವೇ ಹೋಗುತ್ತದೆ. ಹೆತ್ತವರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ನ್ಯಾನ್ಸಿಗೂ ಅಷ್ಟೇ, ಅಕ್ಕ ಆಲಿಸ್‌ಗೂ ಅಷ್ಟೇ.

ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಗೂ ಈ ಕಾಯಿಲೆಗೂ ಹಳೆಯ ನಂಟಿದೆ. 1872ರಲ್ಲಿ ಇದನ್ನು ವಿವರಿಸಿದ ಜಾರ್ಜ್ ಹಂಟಿಂಗ್ಟನ್ ಲಾಂಗ್ ಐಲೆಂಡಿನ ಈಸ್ಟ್ ಹ್ಯಾಂಪ್ಟನ್‌ನವರು. ಅಲ್ಲಿ ವೈದ್ಯರಾಗಿದ್ದ ಅಜ್ಜ, ಅಪ್ಪ ಕಂಡಿದ್ದ ಮನೆತನಗಳೇ ಅವರಿಗೆ ಆಧಾರ. ಹಾಡುಗಾರ ವುಡಿ ಗಥ್ರಿ ನ್ಯೂಜೆರ್ಸಿಯ ಗ್ರೇಸ್ಟೋನ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ನರಳಿ 1967ರಲ್ಲಿ ಕ್ವೀನ್ಸ್‌ನಲ್ಲಿ ತೀರಿಕೊಂಡದ್ದೂ ಇದರಿಂದಲೇ.

ನ್ಯಾನ್ಸಿಯವರ ಕೆಲಸಗಳಲ್ಲಿ ನಾವು ಎಲ್ಲಕ್ಕಿಂತ ಮೇಲಿಡುವುದು ವೆನೆಜುವೆಲಾದ ಮರಕೈಬೊ ಸರೋವರದ ದಂಡೆಯಲ್ಲಿ ನಡೆದದ್ದನ್ನು. ಅಲ್ಲಿನ ಬಡ ಮೀನುಗಾರರ ಊರುಗಳಲ್ಲಿ ಕಾಯಿಲೆ ತಲೆತಲಾಂತರದಿಂದ ಬೇರೂರಿರುವುದನ್ನು ಡಾ. ಅಮೆರಿಕೊ ನೆಗ್ರೆಟ್ 1950ರ ದಶಕದಲ್ಲೇ ಗುರುತಿಸಿದ್ದರು. 1979ರಲ್ಲಿ ಮೊದಲ ಸಲ ಹೋದ ನ್ಯಾನ್ಸಿ ಎರಡು ದಶಕ ಆ ದಾರಿ ಬಿಡಲಿಲ್ಲ. 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಸಿದ್ಧವಾಯಿತು. ನಾಲ್ಕು ಸಾವಿರದಷ್ಟು ಮಂದಿ ರಕ್ತ ಕೊಟ್ಟರು. ಹಿಂಜರಿದವರಿಗೆ ಅವರು ತಾಯಿಯ ವಿಷಯ ಹೇಳಿದರು. ತಾವೂ ಪರೀಕ್ಷೆಗೆ ಚರ್ಮ ಕೊಟ್ಟಾಗ ತೋಳಿನ ಮೇಲೆ ಉಳಿದ ಕಲೆಯನ್ನು ತೋರಿಸಿದರು. ಇವಳೂ ನಮ್ಮ ಪೈಕಿಯವಳೇ ಎಂದು ಊರಿನವರಿಗೆ ಮನದಟ್ಟಾಯಿತು.

1983ರಲ್ಲಿ ತಳಿವಿಜ್ಞಾನಿ ಜೇಮ್ಸ್ ಗುಸೆಲ್ಲಾ ಅವರ ತಂಡ ದೋಷವಿರುವುದು ನಾಲ್ಕನೇ ವರ್ಣತಂತುವಿನಲ್ಲಿ ಎಂದು ಪತ್ತೆ ಹಚ್ಚಿದ್ದು ಆ ರಕ್ತದ ಬಲದಿಂದ. ವಂಶವಾಹಿಯನ್ನೇ ಹಿಡಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಅದರಲ್ಲಿ ಸಿಎಜಿ ಎಂಬ ಡಿಎನ್‌ಎ ಮೂರಕ್ಷರ 40 ಅಥವಾ ಅದಕ್ಕಿಂತ ಹೆಚ್ಚು ಸಲ ಮರುಕಳಿಸಿದರೆ ಕಾಯಿಲೆ ಬಂದೇ ಬರುತ್ತದೆ.

ಪರೀಕ್ಷೆ ಬಂತು, ಮದ್ದು ಬರಲಿಲ್ಲ. ಆಪ್ತಸಮಾಲೋಚನೆಯಿಲ್ಲದೆ ಇಂಥ ಫಲಿತಾಂಶವನ್ನು ಯಾರ ಕೈಗೂ ಕೊಡಬಾರದೆಂದು ನ್ಯಾನ್ಸಿ ಒತ್ತಿ ಹೇಳುತ್ತ ಬಂದರು. ತಮಗೂ ಕಾಯಿಲೆಯಿದೆ ಎಂದು ಅವರು ಬಹಿರಂಗವಾಗಿ ತಿಳಿಸಿದ್ದು 2020ರಲ್ಲಿ. ಸಂಬಂಧ ಕೂಡಿಸುವಾಗ ಮನೆತನದ ಕಾಯಿಲೆಯನ್ನು ಬಾಯಿಬಿಡದ ನಮ್ಮವರು, ನ್ಯೂಜೆರ್ಸಿಯ ಎಡಿಸನ್‌ನಲ್ಲಿರಲಿ ಬೆಂಗಳೂರಿನಲ್ಲಿರಲಿ, ಆ ಧೈರ್ಯವನ್ನು ಕಣ್ತೆರೆದು ನೋಡಬೇಕು. ನಿಮ್ಹಾನ್ಸ್‌ನಲ್ಲಿ ಇದರ ಪರೀಕ್ಷೆಯೂ ಸಮಾಲೋಚನೆಯೂ ಇವೆ.

ಬಹಳ ಆಸೆ ಹುಟ್ಟಿಸಿದ್ದ ಟಾಮಿನರ್ಸೆನ್ ಔಷಧದ ದೊಡ್ಡ ಪ್ರಯೋಗ 2021ರಲ್ಲಿ ನಡುದಾರಿಯಲ್ಲೇ ನಿಂತಿತು. ಮಿದುಳಿಗೇ ಕೊಡುವ ಜೀನ್ ಚಿಕಿತ್ಸೆಯೊಂದು ಕಾಯಿಲೆಯ ವೇಗವನ್ನು ತಗ್ಗಿಸಿದೆ ಎಂಬ ವರದಿ 2025ರಲ್ಲಿ ಬಂದಿದೆ. ಪಡೆದವರು ಬೆರಳೆಣಿಕೆಯ ರೋಗಿಗಳು. ಶಸ್ತ್ರಚಿಕಿತ್ಸೆ ಬೇಡುವ ಇಂಥ ದುಬಾರಿ ಮದ್ದು ಮರಕೈಬೊದ ಗುಡಿಸಲುಗಳಿಗೆ ತಾನಾಗಿ ತಲುಪದು. ರಕ್ತ ಕೊಟ್ಟವರ ಮಕ್ಕಳು ಮೊಮ್ಮಕ್ಕಳಿಗೆ ಅದರಲ್ಲಿ ಪಾಲುಂಟೆಂದು ಕಂಪನಿಗಳು ಬೆಲೆ ಕಟ್ಟುವ ಮೊದಲೇ ಬರೆದುಕೊಡಬೇಕು.