ಮೂರು ದಿನಗಳ ಶೋಕ, ಉಳಿದ ವರ್ಷಗಳ ಹೊಣೆ

ಗಡಿಯಲ್ಲಿ ಮಡಿದ ಯೋಧನ ಪಾರ್ಥಿವ ಶರೀರ ಊರಿಗೆ ಬಂದಾಗ ಸಾವಿರಾರು ಜನ ಸೇರುತ್ತಾರೆ. ಮಂತ್ರಿಗಳು ಹೂಗುಚ್ಛ ಇರಿಸುತ್ತಾರೆ, ಪರಿಹಾರ ಘೋಷಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಆ ಜನರಲ್ಲಿ ಬಹುತೇಕರು ಆ ಮನೆಯ ದಾರಿಯನ್ನೇ ಮರೆತಿರುತ್ತಾರೆ. ಮರೆಯದೆ ಉಳಿಯುವವರು ಮಡಿದವನ ಸಂಗಾತಿ ಸೈನಿಕರು. ರಜೆಯಲ್ಲಿ ಬಂದಾಗ ಆ ತಾಯಿಯ ಯೋಗಕ್ಷೇಮ ವಿಚಾರಿಸುವವರು, ಪಿಂಚಣಿಯ ಕಾಗದಪತ್ರ ಎಲ್ಲಿ ನಿಂತಿದೆಯೆಂದು ನೋಡುವವರು ಸಾಮಾನ್ಯವಾಗಿ ಅವರೇ. ಈ ಬಾಂಧವ್ಯದಿಂದ ನಮ್ಮ ಸಮುದಾಯ ಕಲಿಯಬೇಕಾದ ಪಾಠವೊಂದಿದೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಹೂತುಹೋದರು. ಯಾರೂ ಬದುಕಿರಲಾರರೆಂದು ದೇಶವೇ ಭಾವಿಸಿದ್ದರೂ ಸಂಗಾತಿಗಳು ಅಗೆಯುವುದನ್ನು ನಿಲ್ಲಿಸಲಿಲ್ಲ. ಆರು ದಿನಗಳ ಬಳಿಕ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿರುವ ಸ್ಥಿತಿಯಲ್ಲಿ ಸಿಕ್ಕರು. ಫೆಬ್ರವರಿ 11ರಂದು ಅವರೂ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಉಳಿದ ಒಂಬತ್ತು ಮಂದಿಯ ದೇಹಗಳನ್ನೂ ಹಿಮದಿಂದ ತೆಗೆದು ಅವರವರ ಮನೆಗೆ ತಲುಪಿಸಲಾಯಿತು.

ಈ ಸಂಬಂಧ ಒಮ್ಮುಖವಾದುದಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ರಜಪುತಾನಾ ರೈಫಲ್ಸ್‌ನ ಕ್ಯಾಪ್ಟನ್ ಹನೀಫುದ್ದೀನ್ ತುರ್ತುಕ್ ಪ್ರದೇಶದಲ್ಲಿ ವೀರಮರಣವನ್ನಪ್ಪಿದರು. ಶತ್ರುಗಳ ಗುಂಡಿನ ಸುರಿಮಳೆಯಿಂದಾಗಿ ನಲ್ವತ್ತಕ್ಕೂ ಹೆಚ್ಚು ದಿನ ಅವರ ಶರೀರವನ್ನು ತರಲಾಗಲಿಲ್ಲ. ಆಗ ಅವರ ತಾಯಿ ಹೇಮಾ ಅಝೀಝ್, ತನ್ನ ಮಗನ ದೇಹಕ್ಕಾಗಿ ಇನ್ನೊಬ್ಬ ತಾಯಿಯ ಮಗ ಪ್ರಾಣ ಪಣಕ್ಕಿಡುವುದು ಬೇಡವೆಂದು ಸೇನಾ ಮುಖ್ಯಸ್ಥರಿಗೆ ತಿಳಿಸಿದರು. ಮುಸ್ಲಿಮರಿಂದ ದೇಶಪ್ರೇಮದ ಪ್ರಮಾಣಪತ್ರ ಕೇಳುತ್ತಾ ತಿರುಗುವವರು ಈ ಮಾತನ್ನೊಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು.

ನಮ್ಮದೇ ರಾಜ್ಯದ ಇನ್ನೊಂದು ಉದಾಹರಣೆಯಿದೆ. ಮರಾಠಾ ಲಘು ಪದಾತಿ ದಳದ 9ನೇ ಬೆಟಾಲಿಯನ್ನಿನ ನಾಯಕರಾಗಿದ್ದ ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ 2007ರ ಜುಲೈ 31ರಂದು ಉರಿ ವಲಯದಲ್ಲಿ ಮಡಿದರು. ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಪತ್ನಿ ಸುಭಾಷಿಣಿ ವಸಂತ್ ತಮ್ಮ ದುಃಖದೊಳಗೇ ಮುಳುಗಿ ಕುಳಿತುಕೊಳ್ಳಲಿಲ್ಲ. ವಸಂತರತ್ನ ಫೌಂಡೇಶನ್ ಸ್ಥಾಪಿಸಿ, ಮಡಿದ ಇತರ ಸೈನಿಕರ ಪತ್ನಿಯರ ಹಾಗೂ ಮಕ್ಕಳ ಬೆನ್ನಿಗೆ ನಿಂತರು. ಬಡ ಜವಾನನ ಪತ್ನಿಗೆ ಕಣ್ಣೀರಿನ ಜೊತೆಗೆ ಕಚೇರಿಗಳ ಅಲೆದಾಟವೂ ಇದೆ, ಮನೆಯೊಳಗಿನ ಒತ್ತಡವೂ ಇದೆ ಎಂಬುದನ್ನು ಅರಿತವರಷ್ಟೇ ಇಂತಹ ಕೆಲಸಕ್ಕೆ ಇಳಿಯಬಲ್ಲರು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸೈನ್ಯವು ಈ ಹೊಣೆಯನ್ನು ಕೇವಲ ಮನಸ್ಸಿನ ಮೃದುತ್ವಕ್ಕೆ ಬಿಟ್ಟುಕೊಟ್ಟಿಲ್ಲ. ಕುಟುಂಬ ಪಿಂಚಣಿಯಿದೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಿದೆ, 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಆಚರಿಸಲಾಗುವ ಧ್ವಜ ದಿನದ ನಿಧಿಯಿದೆ. ಲೋಪಗಳು ಇರಬಹುದು. ಆದರೂ ಆ ಮನೆಯ ವಿಳಾಸ ಯಾವುದಾದರೊಂದು ಕಡತದಲ್ಲಿ ದಾಖಲಾಗಿದೆ.

ಇನ್ನು ನಮ್ಮ ಊರುಗಳತ್ತ ನೋಡೋಣ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ನಮ್ಮ ಹೆಚ್ಚಿನ ಮನೆಗಳ ಅನ್ನ ಹುಟ್ಟುವುದು ಹಾಸುಗಲ್ಲಿನ ಗಣಿಯಲ್ಲಿ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸದಲ್ಲಿ, ಲಾರಿಯ ಚಕ್ರದ ಮೇಲೆ, ಹೈದರಾಬಾದ್-ಮುಂಬೈಗಳ ಕಟ್ಟಡಗಳಲ್ಲಿ. ಅಲ್ಲಿಯೂ ಜನ ಸಾಯುತ್ತಾರೆ. ಬಂಡೆ ಜಾರಿ, ವಾಹನ ಮಗುಚಿ, ದೂಳು ಕುಡಿದ ಶ್ವಾಸಕೋಶ ಸೋತು ಸಾಯುತ್ತಾರೆ. ಅವರ ಜನಾಝಕ್ಕೆ ಇಡೀ ಮೊಹಲ್ಲಾ ಸೇರುತ್ತದೆ. ಮೂರನೆಯ ದಿನ ಝಿಯಾರತ್, ನಲ್ವತ್ತನೆಯ ದಿನ ಚಹಲುಮ್ ನಡೆಯುತ್ತದೆ. ಸಾಲ ಮಾಡಿ ಬಿರಿಯಾನಿ ಬೇಯಿಸಬೇಕಾದವಳು ಆ ವಿಧವೆಯೇ! ನಲ್ವತ್ತೊಂದನೆಯ ದಿನ ಆ ಬಾಗಿಲು ತಟ್ಟುವವರು ಯಾರು?

ಪ್ರವಾದಿ(ಸ)ರ ಮಾದರಿ ಇದಕ್ಕೆ ತದ್ವಿರುದ್ಧವಾಗಿತ್ತು. ಹಿಜರಿ 8ರಲ್ಲಿ ಮೂತಾ ಯುದ್ಧದಲ್ಲಿ ಜಅಫರ್ ಬಿನ್ ಅಬೀತಾಲಿಬ್(ರ) ಹುತಾತ್ಮರಾದಾಗ ಪ್ರವಾದಿ(ಸ)ರು ಅವರ ಮನೆಗೆ ಹೋಗಿ ಮಕ್ಕಳನ್ನು ಅಪ್ಪಿಕೊಂಡು ಕಣ್ಣೀರಿಟ್ಟರು. ಆ ಮನೆಯವರು ಶೋಕದಲ್ಲಿದ್ದಾರೆ, ಅವರಿಗೆ ಅಡುಗೆ ಮಾಡಿ ಕಳುಹಿಸಿರೆಂದು ಇತರರಿಗೆ ಆದೇಶಿಸಿದರು. ಜಅಫರ್‌ರ ವಿಧವೆ ಅಸ್ಮಾ ಬಿಂತ್ ಉಮೈಸ್(ರ)ರನ್ನು ಮುಂದೆ ಅಬೂಬಕರ್(ರ) ವಿವಾಹವಾದರು, ಅವರ ನಿಧನಾನಂತರ ಅಲಿ(ರ) ವಿವಾಹವಾದರು. ಉಹುದ್‌ನ ಗಾಯದಿಂದ ಮರಣ ಹೊಂದಿದ ಅಬೂಸಲಮಾ(ರ)ರ ಪತ್ನಿ ಉಮ್ಮು ಸಲಮಾ(ರ) ಪ್ರವಾದಿಯವರ ಮನೆ ಸೇರಿದರು, ಅವರ ಅನಾಥ ಮಕ್ಕಳು ಅಲ್ಲಿಯೇ ಬೆಳೆದರು. ವಿಧವಾ ವಿವಾಹವೆಂದರೆ ಹುಬ್ಬು ಗಂಟಿಕ್ಕುವ ನಮ್ಮ ಮನೆಗಳಿಗೆ ಈ ಚರಿತ್ರೆ ತಿಳಿಯದೇನಲ್ಲ.

ಇದಕ್ಕಿಂತಲೂ ಗಂಭೀರವಾದುದು ಆಸ್ತಿಯ ವಿಷಯ. ಉಹುದ್‌ನಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್(ರ)ರ ಇಡೀ ಸೊತ್ತನ್ನು ಅವರ ಸಹೋದರ ವಶಪಡಿಸಿಕೊಂಡಾಗ, ಪತ್ನಿ ಇಬ್ಬರು ಪುತ್ರಿಯರೊಂದಿಗೆ ಪ್ರವಾದಿ(ಸ)ರ ಬಳಿಗೆ ಬಂದು ದೂರಿತ್ತರು. ಉತ್ತರಾಧಿಕಾರದ ಸೂಕ್ತಗಳು ಅವತೀರ್ಣಗೊಂಡವು. ಪುತ್ರಿಯರಿಗೆ ಮೂರನೆಯ ಎರಡು ಭಾಗ, ಪತ್ನಿಗೆ ಎಂಟನೆಯ ಒಂದು ಭಾಗ ಕೊಟ್ಟು, ಮಿಕ್ಕಿದ್ದನ್ನು ಮಾತ್ರ ಇಟ್ಟುಕೊಳ್ಳುವಂತೆ ಪ್ರವಾದಿ(ಸ)ರು ಆ ಸಹೋದರನಿಗೆ ಆಜ್ಞಾಪಿಸಿದರು. ಹುತಾತ್ಮನ ವಿಧವೆಯ ದೂರಿಗೆ ದೊರೆತ ಈ ಕಾನೂನನ್ನು ಇಂದು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಪಾಲಿಸುತ್ತಿದ್ದೇವೆ? ಸೊಸೆ ತವರಿಗೆ ಹೋಗಲಿ, ಮನೆ ನಮಗಿರಲಿ ಎನ್ನುವ ಭಾವಮೈದುನರು ಮಸೀದಿಯ ಮೊದಲ ಸಾಲಿನಲ್ಲಿಯೇ ನಿಂತಿರುವುದಿಲ್ಲವೇ?

ಸರಕಾರದ ಹೊಣೆಯನ್ನು ನಾವು ಮರೆಯಬೇಕಾಗಿಲ್ಲ. ಕೆಲಸದಲ್ಲಿ ಸತ್ತ ಕಾರ್ಮಿಕನ ಕುಟುಂಬಕ್ಕೆ ಪರಿಹಾರದ ಹಕ್ಕು 1923ರ ಕಾಯಿದೆಯಿಂದಲೇ ಈ ದೇಶದಲ್ಲಿದೆ. ಕಟ್ಟಡ ಕಾರ್ಮಿಕರಿಗೆ ರಾಜ್ಯದಲ್ಲಿ ಪ್ರತ್ಯೇಕ ಕಲ್ಯಾಣ ಮಂಡಳಿಯಿದೆ. ಆದರೆ ಹೆಸರು ನೋಂದಾಯಿಸದಿದ್ದರೆ, ಕಾಲಮಿತಿಯೊಳಗೆ ಅರ್ಜಿ ಸಲ್ಲಿಸದಿದ್ದರೆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಗುತ್ತಿಗೆದಾರನು ಕೈಗಿಡುವ ಒಂದಿಷ್ಟು ಹಣಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮುನ್ನ ಆಕೆಯ ಪಕ್ಕದಲ್ಲಿ ಓದುಬರಹ ಬಲ್ಲ ಒಬ್ಬರಾದರೂ ಕುಳಿತಿರಬೇಕು.

ಆದ್ದರಿಂದ ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯ ವಿಧವೆಯರ ಹಾಗೂ ಅನಾಥರ ದಾಖಲೆಯೊಂದನ್ನು ಇಡಲಿ. ಮಡಿದವನ ಜೊತೆ ದುಡಿದ ಇಬ್ಬರು ಸಂಗಾತಿಗಳನ್ನು, ಅವರು ಯಾವ ಧರ್ಮದವರೇ ಆಗಿರಲಿ, ಆ ಮನೆಯ ಪರವಾಗಿ ಓಡಾಡುವಂತೆ ವಿನಂತಿಸಲಿ. ಗಣಿಯ ಒಳಗೆ ಬುತ್ತಿ ಹಂಚಿಕೊಂಡು ತಿಂದವರು ಇಲ್ಲವೆನ್ನಲಾರರು. ಝಕಾತ್ ನಿಧಿಯಿಂದ ಅರ್ಹ ಮನೆಗಳಿಗೆ ರಮಝಾನ್‌ನಲ್ಲಿ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳದೆ, ಪ್ರತಿ ತಿಂಗಳೂ ನೆರವು ಸಲ್ಲಲಿ. ಚಹಲುಮಿನ ಖರ್ಚು ಮಕ್ಕಳ ಶಾಲೆಯ ಶುಲ್ಕವಾಗಲಿ. ಆಸ್ತಿ ಹಂಚಿಕೆ ಇದ್ದತ್ ಮುಗಿಯುವುದರೊಳಗೆ ಶರೀಅತ್‌ಗನುಸಾರ ಆಗುವಂತೆ ಹಿರಿಯರು ನೋಡಿಕೊಳ್ಳಲಿ.

ಹೋರಾಟಕ್ಕೆ ಹೋದವನ ಮನೆಯನ್ನು ಚೆನ್ನಾಗಿ ನೋಡಿಕೊಂಡವನಿಗೂ ಹೋರಾಡಿದವನ ಪುಣ್ಯವಿದೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಲಾಲ್ ಅನ್ನಕ್ಕಾಗಿ ದುಡಿಯುತ್ತಾ ಸತ್ತವನ ಮನೆಯೂ ಆ ಆರೈಕೆಗೆ ಅರ್ಹವೆಂದು ನಾವು ಭಾವಿಸುತ್ತೇವೆ. ಬರುವ ಶುಕ್ರವಾರದ ಖುತ್ಬಾದಲ್ಲಿ ಈ ವಿಷಯ ಪ್ರಸ್ತಾಪವಾಗಲಿ, ಅದೇ ದಿನ ಅಸರ್ ನಮಾಝಿನ ಬಳಿಕ ಮೊದಲ ಹೆಸರು ದಾಖಲಾಗಲಿ.