ಜಾತ್ರೆಯ ಬುತ್ತಿ, ಮಕ್ಕಳ ಹೊಟ್ಟೆ

ಮಕರ ಸಂಕ್ರಮಣಕ್ಕೆ ಹತ್ತಿಕುಣಿ ಭಾಗದ ಭಕ್ತರು ಮಕ್ಕಳೊಡನೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗಿ ಬಯಲಲ್ಲೇ ಬಿಡಾರ ಹೂಡುವುದುಂಟು. ದಾಸೋಹವಿರುವಾಗ ಬುತ್ತಿಯ ಹೊರೆ ಏಕೆಂದು ಕೆಲವರ ವಾದ. ದೊಡ್ಡವರಿಗೆ ಪ್ರಸಾದ ಸಾಕು. ಮಗುವಿನ ಹಸಿವು ಪಂಕ್ತಿಯ ಸರದಿ ಕಾಯದು. ಆಗ ಕೈಗೆ ಸಿಗುವುದು ದೂಳು ಮೆತ್ತಿದ ಭಜಿ, ಬಣ್ಣದ ಶರಬತ್ತು. ಆದ್ದರಿಂದ ಬುತ್ತಿ ಬೇಕೆಂಬುದೇ ನಮ್ಮ ಮತ.

ಹೇಮಂತ, ಶಿಶಿರಗಳಲ್ಲಿ ಜಠರಾಗ್ನಿ ಪ್ರಬಲವೆಂದು ಆಯುರ್ವೇದ ಹೇಳುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಈ ಕಾಲಕ್ಕೆ ಒಪ್ಪುವ ಆಹಾರ, ಕೆಡುವುದೂ ಇಲ್ಲ. ಎಳೆಯರಿಗೆ ಅಳ್ಳಿಟ್ಟನ್ನು ಬಿಸಿಹಾಲಿನಲ್ಲಿ ಕಲಸಿ ಕೊಡಬಹುದು. ಇಡೀ ಶೇಂಗಾ ಬೀಜ ಮಾತ್ರ ಬೇಡ, ಗಂಟಲಿಗೆ ಸಿಕ್ಕೀತು. ಪುಂಡಿಪಲ್ಯ ಒಯ್ದರೆ ಅಂದೇ ಉಂಡು ಮುಗಿಸಬೇಕು.

ಬಟ್ಟೆಯ ಗಂಟು ಹಗುರಾಗಲಿ (ಕಂಬಳಿಯನ್ನು ಬಿಡಬೇಡಿ, ರಾತ್ರಿ ಚಳಿಯಿರುತ್ತದೆ), ಕುದಿಸಿ ಆರಿಸಿದ ನೀರು ಕಡಿಮೆಯಾಗಬಾರದು. ಜೊತೆಗೆ ಓಆರ್‌ಎಸ್ ಪೊಟ್ಟಣಗಳಿರಲಿ. ವಾಂತಿಭೇದಿಯಾದರೆ ದೊಡ್ಡ ಪೊಟ್ಟಣವನ್ನು 1 ಲೀಟರ್ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿರಿ, ಎದೆಹಾಲು ನಿಲ್ಲಿಸಬೇಡಿರಿ. ಮಗುವಿನ ಕಣ್ಣು ಒಳಸೇರಿ ಮೂತ್ರ ಕಡಿಮೆಯಾದರೆ ನಮ್ಮ ಕಷಾಯವನ್ನೂ ನಂಬಿ ಕೂಡದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.